ಸಿಗರೇಟು ಹೊತ್ತಿಸಿರಲಿಲ್ಲ

ಒಂದು ಸೋಮವಾರ ಬೆಳಿಗ್ಗೆ, ಆಫೀಸಿನ ಕಾಲ್ ನಡೀತಿದ್ದಾಗ, ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದಳು. ಹಳೇ ಕಾಲದ ಕಪ್ಪು-ಬಿಳುಪು ಸ್ಟುಡಿಯೋ ಫೋಟೋ. ಇಬ್ಬರು ಹುಡುಗಿಯರು. ಇಬ್ಬರೂ ವಿಲಾಯಿತಿ ಪೈಜಾಮ ಹಾಕ್ಕೊಂಡು, ಸಿಗರೇಟು ಸೇದುವವರ ಹಾಗೆ ಪೋಸು ಕೊಟ್ಟಿದ್ದಾರೆ. ಕೆಳಗೆ ಒಂದೇ ಸಾಲು: “ಇದರಲ್ಲಿ ಒಬ್ಬರು ಎಂ. ಎಸ್. ಸುಬ್ಬುಲಕ್ಷ್ಮಿ, ನಂಬ್ತೀಯಾ?”

ನಂಬಲಿಲ್ಲ. ಯಾರೋ ಎಡಿಟ್ ಮಾಡಿದ್ದಾರೆ ಬಿಡು ಅಂದೆ. ನಮ್ಮನೇಲಿ ಎಂ. ಎಸ್. ಅಂದ್ರೆ ಬೆಳಗಿನ ಸುಪ್ರಭಾತ. ರೇಷ್ಮೆ ಸೀರೆ, ವಜ್ರದ ಮೂಗುತಿ, ಹಣೆ ತುಂಬ ಕುಂಕುಮ, ಮುಡಿ ತುಂಬ ಮಲ್ಲಿಗೆ. ಅವರಿಗೂ ಸಿಗರೇಟಿಗೂ ಎಲ್ಲಿಂದೆಲ್ಲಿಯ ಸಂಬಂಧ? ರಾತ್ರಿ ಮನೆಗೆ ಬಂದು ಹುಡುಕಿ ನೋಡಿದರೆ ಫೋಟೋ ಅಸಲಿಯೇ. 1937ರದು. ದೊಡ್ಡವರಿಗೆ ಗೊತ್ತಾಗದ ಹಾಗೆ ಇಬ್ಬರೂ ಹೋಗಿ ತೆಗೆಸಿಕೊಂಡದ್ದಂತೆ. ಸಿಗರೇಟು ಹೊತ್ತಿಸಿರಲಿಲ್ಲವಂತೆ. ಸುಮ್ಮನೆ ಹುಡುಗಾಟ.

ಫೋಟೋ ಹಂಚುವವರೆಲ್ಲ ಎಂ. ಎಸ್. ಅವರನ್ನು ನೋಡಿ ಬೆರಗಾಗುತ್ತಾರೆ. ನನ್ನ ಕಣ್ಣು ನಿಂತದ್ದು ಪಕ್ಕದ ಹುಡುಗಿಯ ಮೇಲೆ. ಆಕೆ ತಂಜಾವೂರು ಬಾಲಸರಸ್ವತಿ, ಆಗ ವಯಸ್ಸು 19. ಮುಂದೆ ಶಿಷ್ಯರ ಬಾಯಲ್ಲಿ ಬಾಲಮ್ಮ.

ನಾನು ಬಾಲಮ್ಮನನ್ನು ಕಂಡವಳಲ್ಲ. 1984ರ ಫೆಬ್ರವರಿ 9ರಂದು ಅವರು ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಹಾಗಿದ್ದೂ ಅವರ ಬಗ್ಗೆ ಬರೆಯಲು ಒಂದು ಕಾರಣ ಇದೆ. ಬೆಂಗಳೂರಿನಲ್ಲಿ ಆರು ವರ್ಷ ನಾನು ಭರತನಾಟ್ಯ ಕಲಿತೆ. ಪ್ರತಿ ಸಲ ಪರೀಕ್ಷೆಗೆ ‘ಭರತನಾಟ್ಯದ ಇತಿಹಾಸ’ ಬಾಯಿಪಾಠ ಮಾಡಬೇಕಿತ್ತು. ಅದರಲ್ಲಿ ಭರತಮುನಿ ಇದ್ದ, ಶಿಲ್ಪಗಳಿದ್ದವು, ದೇವಸ್ಥಾನಗಳಿದ್ದವು. ಆಮೇಲೆ ‘ಮಧ್ಯಕಾಲದಲ್ಲಿ ಈ ಕಲೆ ಅವನತಿ ಹೊಂದಿತು’ ಅಂತ ಒಂದು ವಾಕ್ಯ. ಅದರ ಮುಂದಿನ ವಾಕ್ಯದಲ್ಲೇ ‘ಇಪ್ಪತ್ತನೇ ಶತಮಾನದಲ್ಲಿ ಪುನರುಜ್ಜೀವನಗೊಂಡಿತು’. ಅವನತಿ ಹೊಂದಿದ ಆ ಕಾಲದಲ್ಲಿ ಇದನ್ನು ಯಾರು ಕುಣಿಯುತ್ತಿದ್ದರು, ಪುನರುಜ್ಜೀವನ ಮಾಡಿದವರಿಗೆ ಯಾರು ಹೇಳಿಕೊಟ್ಟರು ಅಂತ ನಾನು ಕೇಳಲಿಲ್ಲ, ಮೇಡಮ್ಮೂ ಹೇಳಲಿಲ್ಲ. ಬಾಲಸರಸ್ವತಿ ಅನ್ನೋ ಹೆಸರು ಆ ಆರು ವರ್ಷದಲ್ಲಿ ನನ್ನ ಕಿವಿಗೆ ಬೀಳಲೇ ಇಲ್ಲ.

ಫೋಟೋದಲ್ಲಿರುವ ಇಬ್ಬರ ಇನಿಷಿಯಲ್ ನೋಡಿ. ನಮ್ಮ ನಿಮ್ಮ ಇನಿಷಿಯಲ್‌ನಲ್ಲಿ ಸಾಮಾನ್ಯವಾಗಿ ಅಪ್ಪನ ಹೆಸರಿರುತ್ತದೆ. ಎಂ. ಎಸ್. ಅಂದರೆ ಮದುರೈ ಷಣ್ಮುಗವಡಿವು. ಊರಿನ ಹೆಸರು ಮತ್ತು ತಾಯಿಯ ಹೆಸರು. ಷಣ್ಮುಗವಡಿವು ವೀಣೆ ನುಡಿಸುತ್ತಿದ್ದವರು. ಟಿ. ಬಾಲಸರಸ್ವತಿಯ ‘ಟಿ’ ಅಂದರೆ ತಂಜಾವೂರು, ಅಷ್ಟೇ. ಆಕೆಯ ವಂಶಾವಳಿ ಶುರುವಾಗುವುದು ತಂಜಾವೂರಿನ ಅರಮನೆಯಲ್ಲಿದ್ದ ಪಾಪಮ್ಮಾಳ್ ಎಂಬ ನರ್ತಕಿಯಿಂದ. ಅಲ್ಲಿಂದ ತಾಯಿ, ಮಗಳು, ಮೊಮ್ಮಗಳು ಅಂತಲೇ ಎಣಿಸಿಕೊಂಡು ಬಂದರೆ ಬಾಲಾ ಏಳನೆಯ ತಲೆಮಾರು. ಇಬ್ಬರೂ ದೇವದಾಸಿ ಮನೆತನದ ಹೆಣ್ಣುಮಕ್ಕಳು. ಮನೆ ಹೆಂಗಸರದು, ದುಡಿಮೆ ಹೆಂಗಸರದು, ವಿದ್ಯೆ ಹೆಂಗಸರದು.

ದೇವದಾಸಿ ಅಂದ ಕೂಡಲೇ ನಮ್ಮ ತಲೆಯಲ್ಲಿ ಸವದತ್ತಿ, ಎಲ್ಲಮ್ಮನ ಗುಡ್ಡ, ಬಡತನಕ್ಕೆ ಮುತ್ತು ಕಟ್ಟಿಸಿಕೊಂಡ ದಲಿತ ಹುಡುಗಿಯರು ಬರುತ್ತಾರೆ. ಅದು ನಿಜ, ಅದರ ಕ್ರೌರ್ಯವೂ ನಿಜ. ಕರ್ನಾಟಕದಲ್ಲಿ ಅದಕ್ಕೆಂದೇ 1982ರಲ್ಲಿ ಕಾನೂನು ಬಂತು. ಆದರೆ ಅದೇ ಒಂದು ಪದದ ಕೆಳಗೆ ಬೇರೆ ಬೇರೆ ಬದುಕುಗಳಿದ್ದವು. ಮದ್ರಾಸಿನ ಜಾರ್ಜ್ ಟೌನಿನಲ್ಲಿದ್ದ ವೀಣಾ ಧನಮ್ಮಾಳ್ ಅವರ ಮನೆ ಅಂಥ ಇನ್ನೊಂದು ಬದುಕು.

ಧನಮ್ಮಾಳ್ ಬಾಲಾಳ ಅಜ್ಜಿ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ವೀಣೆ. ಮದ್ರಾಸಿನ ದೊಡ್ಡ ದೊಡ್ಡ ವಿದ್ವಾಂಸರು ಬಂದು ನೆಲದ ಮೇಲೆ ಕೂತು ಕೇಳುತ್ತಿದ್ದರು. ಮೈಕ್ ಇಲ್ಲ, ವೀಣೆಯ ದನಿ ಸಣ್ಣದು, ಯಾರಾದರೂ ಸ್ವಲ್ಪ ಸದ್ದು ಮಾಡಿದರೂ ಅಜ್ಜಿಗೆ ಸಿಟ್ಟು. ಕ್ಷೇತ್ರಯ್ಯನ ಪದಗಳು, ಜಾವಳಿಗಳು ಆ ಮನೆಯ ಆಸ್ತಿ. ಹಾಗಂತ ದುಡ್ಡಿನ ಆಸ್ತಿ ಬಹಳ ಇತ್ತು ಅಂದ್ಕೋಬೇಡಿ. ಇರಲಿಲ್ಲ. ಬಾಲಾಳ ತಾಯಿ ಜಯಮ್ಮಾಳ್ ಹಾಡುಗಾರ್ತಿ. ಆಕೆಯ ಗಂಡುಮಕ್ಕಳಲ್ಲಿ ರಂಗನಾಥನ್ ಮೃದಂಗ, ವಿಶ್ವನಾಥನ್ ಕೊಳಲು. ಮನೆಯಲ್ಲಿ ಯಾರಿಗೂ ಸಂಗೀತ ‘ಹವ್ಯಾಸ’ ಆಗಿರಲಿಲ್ಲ.

ಬಾಲಾ ಚಿಕ್ಕವಳಿದ್ದಾಗ ಬೀದಿಯಲ್ಲಿ ಒಬ್ಬ ಭಿಕ್ಷುಕ ಕುಣಿಯುತ್ತಾ ಬರುತ್ತಿದ್ದನಂತೆ. ಈ ಮಗುವೂ ಹೊರಗೆ ಓಡಿ ಅವನ ಜೊತೆ ಕುಣಿಯೋದು. ಬೀದಿಯವರಿಗೆ ನಗು. ಜಯಮ್ಮಾಳ್‌ಗೆ ಮಾತ್ರ ಇದು ಬರೀ ನಗುವ ವಿಷಯ ಅನ್ನಿಸಲಿಲ್ಲ. ಮಗಳಿಗೆ ನೃತ್ಯ ಕಲಿಸೋಣ ಅಂದರೆ ಬಂಧುಗಳೆಲ್ಲ ಬೇಡ ಅಂದರು. 1920ರ ದಶಕ ಅದು. ‘ಸದಿರ್’ ಅಂತ ಕರೆಯುತ್ತಿದ್ದ ಈ ನೃತ್ಯವನ್ನು ಮರ್ಯಾದಸ್ಥರು ನೋಡಬಾರದು ಅಂತ ದಶಕಗಳಿಂದ ಊರೂರಲ್ಲಿ ಪ್ರಚಾರ ನಡೆದಿತ್ತು. ಹಾಡಿದರೆ ಗ್ರಾಮಫೋನ್ ಕಂಪನಿ ದುಡ್ಡು ಕೊಡುತ್ತೆ, ಸಭೆಯವರು ಗೌರವ ಕೊಡ್ತಾರೆ. ಕುಣಿದರೆ ಬೈಗುಳ ಮಾತ್ರ ಗ್ಯಾರಂಟಿ. ಅಂಥ ಹೊತ್ತಿನಲ್ಲಿ ಮಗಳ ಕಾಲಿಗೆ ಗೆಜ್ಜೆ ಕಟ್ಟಲು ಒಬ್ಬ ತಾಯಿಗೆ ಎಷ್ಟು ಎದೆಗಾರಿಕೆ ಬೇಕು ಅಂತ ಯೋಚನೆ ಮಾಡಿ. ನನಗನ್ನಿಸುವ ಹಾಗೆ ಈ ಕತೆಯ ಅತಿ ದೊಡ್ಡ ತೀರ್ಮಾನ ಅದು. ಮಾಡಿದ್ದು ಜಯಮ್ಮಾಳ್. ಅವರ ಹೆಸರಲ್ಲಿ ಇವತ್ತು ಯಾವ ರಸ್ತೆಯಾದರೂ ಇದೆಯೋ ಇಲ್ಲವೋ.

ಗುರು ಕಂದಪ್ಪ ಪಿಳ್ಳೈ, ತಂಜಾವೂರು ನಾಲ್ವರು ಸೋದರರ ಪರಂಪರೆಯವರು. ಬಹಳ ಕಟ್ಟುನಿಟ್ಟಿನ ಮನುಷ್ಯ. 1925ರಲ್ಲಿ, ಏಳನೇ ವಯಸ್ಸಿಗೆ, ಕಾಂಚೀಪುರದ ದೇವಿಯ ಗುಡಿಯಲ್ಲಿ ಬಾಲಾಳ ಅರಂಗೇಟ್ರಂ. ಅಡವು, ತಾಳ, ಜತಿ ಎಲ್ಲಾ ಕಂದಪ್ಪನವರದು. ಆದರೆ ಅಭಿನಯದಲ್ಲಿ ಆಕೆಯ ಕಣ್ಣು ತೆರೆಸಿದ್ದು ಮೈಲಾಪುರ ಗೌರಿ ಅಮ್ಮಾಳ್. ಕಪಾಲೀಶ್ವರ ದೇವಸ್ಥಾನದಲ್ಲಿ ದೇವರ ಮುಂದೆ ಕುಣಿಯುತ್ತಿದ್ದ ಕೊನೆಯ ತಲೆಮಾರಿನವರು.

ಈ ಗೌರಿ ಅಮ್ಮಾಳ್ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಮುಂದೆ ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ಅವರಿಗೂ ಮೊದಲು ಪಾಠ ಹೇಳಿದವರು ಇವರೇ. ನನ್ನ ಪರೀಕ್ಷೆಯ ಪುಸ್ತಕದ ಆ ಎರಡು ವಾಕ್ಯಗಳ ಮಧ್ಯೆ ಇದ್ದವರು ಅಂದರೆ ಇವರು. 1935ರ ಕೊನೆಯಲ್ಲಿ ಅಡಯಾರಿನ ಥಿಯಾಸಾಫಿಕಲ್ ಸೊಸೈಟಿಯಲ್ಲಿ ರುಕ್ಮಿಣೀದೇವಿ ರಂಗಕ್ಕೆ ಬಂದರು. ಬ್ರಾಹ್ಮಣ ಮನೆಯ ಹೆಣ್ಣುಮಗಳು ಕುಣಿದದ್ದು ದೊಡ್ಡ ಸುದ್ದಿಯಾಯಿತು. ಅಷ್ಟು ಹೊತ್ತಿಗೆ ಸದಿರ್‌ಗೆ ‘ಭರತನಾಟ್ಯ’ ಎಂಬ ಹೊಸ ಹೆಸರೂ ಬಂದಿತ್ತು. ಗೌರಿ ಅಮ್ಮಾಳ್ ಮಾತ್ರ ದೇವಸ್ಥಾನದ ಕೆಲಸ ಹೋಗಿ, 1971ರಲ್ಲಿ ಕಡುಬಡತನದಲ್ಲಿ ತೀರಿಕೊಂಡರು. ರುಕ್ಮಿಣೀದೇವಿಯವರನ್ನು ಖಳನಾಯಕಿ ಮಾಡುವುದು ಈಗ ಫ್ಯಾಷನ್. ನನಗೆ ಅದು ಸರಿ ಕಾಣುವುದಿಲ್ಲ. ಅವರು ಕಲಾಕ್ಷೇತ್ರ ಕಟ್ಟದೇ ಹೋಗಿದ್ದರೆ ನಮ್ಮ ಬಡಾವಣೆಯಲ್ಲಿ ಡ್ಯಾನ್ಸ್ ಕ್ಲಾಸೇ ಇರುತ್ತಿರಲಿಲ್ಲವೇನೋ. ಆದರೆ ಲೆಕ್ಕ ಅಂತ ಬಂದಾಗ ಎರಡೂ ಕಡೆ ಬರೆಯಬೇಕಲ್ಲ.

ಲೆಕ್ಕ ಇನ್ನೂ ಜಟಿಲ ಇದೆ. ದೇವದಾಸಿ ಪದ್ಧತಿಯ ವಿರುದ್ಧ ಮದ್ರಾಸಿನಲ್ಲಿ ಹೋರಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ತಾಯಿಯೇ ಆ ಸಮುದಾಯದವರು. ಚಿಕ್ಕ ಹುಡುಗಿಯರ ಬದುಕು ಏನಾಗುತ್ತಿತ್ತು ಅನ್ನೋದು ಆಕೆಗೆ ಹೊರಗಿನವರು ಹೇಳಿ ತಿಳಿಯಬೇಕಾಗಿರಲಿಲ್ಲ. ಅವರ ಮಸೂದೆಯನ್ನು ವಿರೋಧಿಸಿ ದೇವದಾಸಿಯರ ಪರವಾಗಿ ನಿಂತವರಲ್ಲಿ ನಮ್ಮ ಬೆಂಗಳೂರು ನಾಗರತ್ನಮ್ಮ ಇದ್ದರು. ನಂಜನಗೂಡಿನ ಕಡೆಯಿಂದ ಹೋಗಿ ಮದ್ರಾಸಿನಲ್ಲಿ ನೆಲೆ ನಿಂತ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಅದೇ ನಾಗರತ್ನಮ್ಮ. ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ ಅಶ್ಲೀಲ ಅಂತ ಮರುವರ್ಷ ಅದನ್ನು ನಿಷೇಧಿಸಿತ್ತು. ನಿಷೇಧ ತೆಗೆದದ್ದು 1947ರಲ್ಲಿ. ಮದ್ರಾಸಿನಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಬಂದದ್ದೂ 1947ರಲ್ಲೇ. ಹೀಗೆ ಒಂದೇ ವರ್ಷದಲ್ಲಿ ಪುಸ್ತಕ ಬಿಡುಗಡೆಯಾಯಿತು, ಆ ಪುಸ್ತಕ ಬರೆದಂಥ ಹೆಂಗಸರ ಬಾಗಿಲು ಮುಚ್ಚಿತು. ಮೈಸೂರು ಸಂಸ್ಥಾನವಂತೂ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ಈ ಸೇವೆ ನಿಲ್ಲಿಸಿತ್ತು.

ಈಗ ಮತ್ತೆ ಆ ಫೋಟೋಗೆ ಬರ್ತೀನಿ. 1937. ಗೆಳತಿಯರಿಬ್ಬರೂ ನಿಂತಿರುವುದು ಈ ಎಲ್ಲದರ ನಡುವೆ. ಎಂ. ಎಸ್. ಹಿಂದಿನ ವರ್ಷವಷ್ಟೇ ಮದುರೈನ ಮನೆ ಬಿಟ್ಟು ಮದ್ರಾಸಿಗೆ ಬಂದಿದ್ದಾರೆ. ಬಾಲಾ 1934ರಲ್ಲೇ ಕಲ್ಕತ್ತಾಗೆ ಹೋಗಿ ಕುಣಿದು ಬಂದಿದ್ದಾಳೆ. ದಕ್ಷಿಣದ ಆಚೆ ಈ ನೃತ್ಯವನ್ನು ಹಾಗೆ ಕೊಂಡೊಯ್ದವರಲ್ಲಿ ಆಕೆಯೇ ಮೊದಲಿಗಳು ಅಂತಾರೆ. ಮುಂದಿನ ಮೂರು-ನಾಲ್ಕು ವರ್ಷದಲ್ಲಿ ಇಬ್ಬರ ದಾರಿಯೂ ಬೇರೆಯಾಗುತ್ತದೆ.

1940ರಲ್ಲಿ ಎಂ. ಎಸ್. ಮತ್ತು ಸದಾಶಿವಂ ಮದುವೆ. ಆಮೇಲೆ ‘ಮೀರಾ’ ಚಿತ್ರ, ಗಾಂಧಿ-ನೆಹರೂ ಮೆಚ್ಚುಗೆ, 1966ರಲ್ಲಿ ವಿಶ್ವಸಂಸ್ಥೆಯ ಕಛೇರಿ, 1998ರಲ್ಲಿ ಭಾರತ ರತ್ನ. ಮನೆಮನೆಯ ಪೂಜಾಕೋಣೆಯ ದನಿ. ಹುಟ್ಟಿದ ಸಮುದಾಯದ ಮಾತು ಎಲ್ಲೂ ಬರದ ಹಾಗೆ ಒಂದು ಹೊಸ ಚಿತ್ರ ಸಿದ್ಧವಾಯಿತು, ದೇಶ ಅದನ್ನು ಪ್ರೀತಿಯಿಂದ ಒಪ್ಪಿಕೊಂಡಿತು. ಬಾಲಾ ಹಾಗೆ ದಾಟಲಿಲ್ಲ. ಆಕೆಯ ಬದುಕಿನ ಜೊತೆಗಾರ ಆರ್. ಕೆ. ಷಣ್ಮುಗಂ ಚೆಟ್ಟಿ, ಮುಂದೆ ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ. ತನ್ನ ಅಜ್ಜಿ, ತಾಯಿ ಬದುಕಿದ ರೀತಿಯಲ್ಲೇ ಆಕೆಯೂ ಬದುಕಿದಳು. 1943ರಲ್ಲಿ ಮಗಳು ಲಕ್ಷ್ಮಿ ಹುಟ್ಟಿದಳು.

ಯಾರದು ಸರಿ? ಬಾಲಾ ಧೀರೆ, ಎಂ. ಎಸ್. ರಾಜಿ ಮಾಡಿಕೊಂಡವರು ಅಂತ ಬರೆಯುವವರಿದ್ದಾರೆ. ಅದನ್ನು ಬರೆಯುವುದು ಸುಲಭ. ಇಪ್ಪತ್ತರ ಹುಡುಗಿಗೆ ಒಂದು ಭದ್ರವಾದ ಮನೆ ಬೇಕು ಅನ್ನಿಸಿದ್ದರೆ ತೀರ್ಪು ಕೊಡಲು ನಾವ್ಯಾರು? ನನ್ನನ್ನು ಕಾಡಿದ್ದು ಬೇರೆ. ಒಬ್ಬರು ಹಾಡುಗಾರ್ತಿ, ಒಬ್ಬರು ನರ್ತಕಿ. ಹಾಡುವಾಗ ಕೂತು ಹಾಡಬಹುದು, ಕಣ್ಣು ಮುಚ್ಚಬಹುದು, ಮೈಯನ್ನು ಸೀರೆಯಲ್ಲಿ ಸುತ್ತಿ ಭಕ್ತಿಯೊಳಗೆ ಅಡಗಿಸಬಹುದು. ನರ್ತಕಿ ಮೈಯನ್ನು ಎಲ್ಲಿ ಅಡಗಿಸಬೇಕು?

1940ರ ದಶಕ ಬಾಲಾಗೆ ಕೆಟ್ಟದಾಗಿತ್ತು. ದಶಕದ ಶುರುವಿನಲ್ಲೇ ಕಂದಪ್ಪ ತೀರಿಕೊಂಡರು. ಆರೋಗ್ಯ ಕೆಟ್ಟಿತು, ಮೈ ದಪ್ಪವಾಯಿತು, ಕಾರ್ಯಕ್ರಮಗಳು ಕಮ್ಮಿಯಾದವು. ಹೊಸ ಭರತನಾಟ್ಯಕ್ಕೆ ತೆಳ್ಳನೆಯ, ಒಳ್ಳೆ ಮನೆಯ ಹುಡುಗಿಯರು ಬೇಕಿತ್ತು. ಆ ಹೊತ್ತಿನ ಒಂದು ಸಂಗತಿಯನ್ನು ಅವರ ಬದುಕನ್ನು ಬರೆದವರು ಹೇಳುತ್ತಾರೆ. ತಿರುತ್ತಣಿಯ ಮುರುಗನೆಂದರೆ ಆಕೆಗೆ ಬಹಳ ಭಕ್ತಿ. ದೇವಸ್ಥಾನದಲ್ಲಿ ಕುಣಿಯುವ ಹಾಗಿಲ್ಲ. ಅಲ್ಲಿಯವರನ್ನು ಬೇಡಿಕೊಂಡು, ಜನ ಯಾರೂ ಇಲ್ಲದ ಹೊತ್ತಿನಲ್ಲಿ ಒಳಗೆ ಹೋಗಿ, ದೇವರೊಬ್ಬನ ಮುಂದೆ ಕುಣಿದು ಬಂದರಂತೆ. ಏಳು ತಲೆಮಾರಿನ ಹಕ್ಕನ್ನು ಕಳ್ಳರ ಹಾಗೆ ಬಂದು ಸಲ್ಲಿಸಿ ಹೋಗಬೇಕಾಯಿತು.

ಅವರನ್ನು ಮತ್ತೆ ರಂಗಕ್ಕೆ ಕರೆತಂದವರಲ್ಲಿ ಸಂಸ್ಕೃತ ವಿದ್ವಾಂಸ ಡಾ. ವಿ. ರಾಘವನ್ ಮುಖ್ಯರು. 1953ರಲ್ಲಿ ಮದ್ರಾಸು ಮ್ಯೂಸಿಕ್ ಅಕಾಡೆಮಿಯ ಆಶ್ರಯದಲ್ಲಿ ಬಾಲಮ್ಮನ ನೃತ್ಯಶಾಲೆ ಶುರುವಾಯಿತು. ಕಂದಪ್ಪನವರ ಮಗ ಗಣೇಶನ್ ನಟ್ಟುವಾಂಗಕ್ಕೆ ಕೂತರು. ರಾಘವನ್ ತಮ್ಮ ಹೆಣ್ಣುಮಕ್ಕಳಾದ ಪ್ರಿಯಂವದಾ ಮತ್ತು ನಂದಿನಿಯನ್ನೇ ಕಲಿಯಲು ಕಳಿಸಿದರು. ಇದು ಸಣ್ಣ ವಿಷಯ ಅಲ್ಲ. ಬಾಲಮ್ಮನ ಕಲೆಗೆ ಕೈಮುಗಿಯುವವರು ಆಗಲೂ ಬಹಳ ಇದ್ದರು, ಮಗಳನ್ನು ಆಕೆಯ ಹತ್ತಿರ ಕಳಿಸುವವರು ಕಮ್ಮಿ.

ಬಾಲಮ್ಮನ ಪಾಠ ಹೇಗಿತ್ತು? ನಾನು ಕಲಿತ ರೀತಿಗೂ ಅದಕ್ಕೂ ಅಜಗಜಾಂತರ. ನಮಗೆ ಪದಕ್ಕೆ ಅಭಿನಯ ಅಂದರೆ ಕೌಂಟ್ ಹಾಕಿ ಕಲಿಸುತ್ತಿದ್ದರು: ಇಲ್ಲಿ ಕಣ್ಣು ಬಲಕ್ಕೆ, ಇಲ್ಲಿ ಕತ್ತು ಹೀಗೆ, ಇಲ್ಲಿ ನಾಚಿಕೆ. ಬಾಲಮ್ಮನ ದಾರಿಯಲ್ಲಿ ಮೊದಲು ಹಾಡು. ಹಾಡು ಮೈಗೆ ಹತ್ತದೆ ಅಭಿನಯ ಇಲ್ಲ. ಸ್ವತಃ ಅವರು ಕುಣಿಯುತ್ತಲೇ ಹಾಡುತ್ತಿದ್ದರು. ಒಂದೇ ಸಾಲನ್ನು ಹತ್ತು ಸಲ ಹಾಡಿದರೆ ಹತ್ತು ಅರ್ಥ, ಆ ಹತ್ತೂ ಆ ಕ್ಷಣಕ್ಕೆ ಹೊಳೆದದ್ದು. ನಾಳೆ ಬೇರೆ ಹತ್ತು. ಗಾಯಕರು ರಾಗ ಬೆಳೆಸುವ ಹಾಗೆ ಅವರು ಭಾವ ಬೆಳೆಸುತ್ತಿದ್ದರು. ಇದನ್ನು ಪರೀಕ್ಷೆಗೆ ಬರೆಸಲು ಆಗುವುದಿಲ್ಲ, ಮಾರ್ಕ್ಸ್ ಕೊಡಲೂ ಆಗುವುದಿಲ್ಲ. ಗುರುವಿನ ಜೊತೆ ವರ್ಷಗಟ್ಟಲೆ ಇರಬೇಕು ಅಷ್ಟೇ.

ಶೃಂಗಾರದ ವಿಷಯಕ್ಕೆ ಅವರು ಯಾರ ಮಾತಿಗೂ ಬಗ್ಗಲಿಲ್ಲ. ಹೊಸ ಕಾಲದವರು ಶೃಂಗಾರ ತೆಗೆದು ಭಕ್ತಿ ಇಡಿ ಅನ್ನುತ್ತಿದ್ದರು. ಬಾಲಮ್ಮನ ವಾದ ಅಂದರೆ, ಈ ನೃತ್ಯವನ್ನು ‘ಶುದ್ಧ’ ಮಾಡುವ ಅಗತ್ಯವೇ ಇಲ್ಲ, ಶೃಂಗಾರದಷ್ಟು ಆಳಕ್ಕೆ ಮುಟ್ಟಿಸುವ ಭಾವ ಬೇರೆ ಇಲ್ಲ. 1975ರಲ್ಲಿ ತಮಿಳ್ ಇಸೈ ಸಂಗಮದ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಅವರು ಇಡೀ ಕಾರ್ಯಕ್ರಮದ ಕ್ರಮವನ್ನು ದೇವಸ್ಥಾನಕ್ಕೆ ಹೋಲಿಸಿದರು. ಅಲಾರಿಪು ಗೋಪುರ, ಅಲ್ಲಿಂದ ಒಂದೊಂದೇ ಮಂಟಪ, ಅಂಗಳ ದಾಟುತ್ತಾ ವರ್ಣಕ್ಕೆ ಬಂದು, ಗದ್ದಲವೆಲ್ಲ ಹಿಂದೆ ಉಳಿದು, ಪದಕ್ಕೆ ಬಂದಾಗ ಗರ್ಭಗುಡಿ. ದೇವಸ್ಥಾನದಿಂದ ಯಾರನ್ನು ಹೊರಗೆ ಹಾಕಲಾಗಿತ್ತೋ ಅವರೇ ಇದನ್ನು ಹೇಳಿದ್ದು. ನಮ್ಮ ಕ್ಲಾಸಿನಲ್ಲಿ ಜಾವಳಿ ಬಂದರೆ ಮೇಡಂ ‘ಅದು ನಿಮ್ಮ ವಯಸ್ಸಿಗೆ ಬೇಡ’ ಅಂತ ಪುಟ ತಿರುಗಿಸುತ್ತಿದ್ದರು. ಹದಿನಾಲ್ಕಕ್ಕೆ ಬೇಡ, ಸರಿ. ಹತ್ತೊಂಬತ್ತಕ್ಕೂ ಬೇಡವಾಗಿತ್ತು.

ಹೊರದೇಶಗಳು ಅವರನ್ನು ಕೈಹಿಡಿದವು. 1961ರಲ್ಲಿ ಟೋಕಿಯೋ. 1962ರಲ್ಲಿ ಅಮೆರಿಕದ ಜೇಕಬ್ಸ್ ಪಿಲ್ಲೋ ನೃತ್ಯೋತ್ಸವ, ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ. ತಮ್ಮಂದಿರಾದ ರಂಗನಾಥನ್ ಮತ್ತು ವಿಶ್ವನಾಥನ್ ಕೂಡ ಮುಂದೆ ಅಲ್ಲೇ ಕಲಿಸಿದರು. ಜಾರ್ಜ್ ಟೌನಿನ ಒಂದು ಮನೆಯೇ ಎದ್ದು ಅಮೆರಿಕಕ್ಕೆ ಹೋದ ಹಾಗೆ. ಯೌವನ, ಬಣ್ಣ, ವೇಗ ಯಾವುದನ್ನೂ ನಿರೀಕ್ಷಿಸದೆ ಬಂದು ಕೂತ ಅಮೆರಿಕನ್ನರು ನಲವತ್ತು ದಾಟಿದ ಈ ಹೆಂಗಸಿನ ಮುಖವನ್ನು ನೋಡುತ್ತಾ ಕೂತುಬಿಟ್ಟರು. 2000ದಲ್ಲಿ ಅಮೆರಿಕದ ಒಂದು ನೃತ್ಯಸಂಸ್ಥೆಗಳ ಒಕ್ಕೂಟ ‘ಕಳೆದುಕೊಳ್ಳಬಾರದ ನೃತ್ಯ ಸಂಪತ್ತು’ ಅಂತ ಪಟ್ಟಿ ಮಾಡಿದಾಗ ಅದರಲ್ಲಿ ಬಾಲಸರಸ್ವತಿಯ ಹೆಸರಿತ್ತು. ನಾನು ಬಾಯಿಪಾಠ ಮಾಡುತ್ತಿದ್ದ ನೋಟ್ಸಿನಲ್ಲಿ ಇರಲಿಲ್ಲ.

1963ರ ಎಡಿನ್‌ಬರೋ ಉತ್ಸವಕ್ಕೆ ಭಾರತದಿಂದ ಹೋದ ಕಲಾವಿದರಲ್ಲಿ ಬಾಲಸರಸ್ವತಿ ಇದ್ದರು. ಎಂ. ಎಸ್. ಸುಬ್ಬುಲಕ್ಷ್ಮಿಯೂ ಇದ್ದರು. ಮದ್ರಾಸಿನ ಸ್ಟುಡಿಯೋದಿಂದ ಇಪ್ಪತ್ತಾರು ವರ್ಷ ಆಚೆ, ಸ್ಕಾಟ್ಲೆಂಡಿನ ಚಳಿಯಲ್ಲಿ. ಅಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ. ಪೈಜಾಮದ ವಿಷಯ ಬಂದಿರಬಹುದು ಅಂತ ನನ್ನ ಆಸೆ. ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಎಂ. ಎಸ್. ಅವರಿಗೆ ಬಂದದ್ದು 1968ರಲ್ಲಿ, ಅದನ್ನು ಪಡೆದ ಮೊದಲ ಹೆಂಗಸು. ಐದು ವರ್ಷದ ಮೇಲೆ 1973ರಲ್ಲಿ ಬಾಲಮ್ಮನಿಗೆ, ಮೊದಲ ನರ್ತಕಿ. ಸಂಗೀತದ ಬಿರುದು ನೃತ್ಯಕ್ಕೆ ಯಾಕೆ ಅನ್ನುವ ಪ್ರಶ್ನೆ ಅವರ ಹಾಡು ಕೇಳಿದವರಿಗೆ ಏಳುತ್ತಿರಲಿಲ್ಲ.

ಇದರ ನಡುವೆ 1967ರಲ್ಲಿ ಜಯಮ್ಮಾಳ್ ಹೋಗಿಬಿಟ್ಟಿದ್ದರು. ನಾಲ್ಕು ದಶಕ ಮಗಳ ನೃತ್ಯಕ್ಕೆ ಹಾಡಿದ ದನಿ ಅದು. ಮಗಳು ರಂಗದ ಮೇಲೆ ಏನು ಮಾಡಲಿದ್ದಾಳೆ ಅಂತ ಮಗಳಿಗಿಂತ ಮೊದಲು ತಾಯಿಗೆ ಗೊತ್ತಾಗುತ್ತಿದ್ದಿರಬೇಕು, ಇಲ್ಲದಿದ್ದರೆ ಆ ಮಟ್ಟದ ಮನೋಧರ್ಮ ಸಾಧ್ಯವೇ ಇಲ್ಲ. ತಾನು ತಾಯಿಯಾದಾಗ ಬಾಲಮ್ಮ ಜಯಮ್ಮಾಳ್ ಮಾಡಿದ್ದನ್ನು ಮಾಡಲಿಲ್ಲ. ಏಳನೇ ವಯಸ್ಸಿಗೆ ಮಗಳಿಗೆ ಗೆಜ್ಜೆ ಕಟ್ಟಿಸಲಿಲ್ಲ. ಲಕ್ಷ್ಮಿ ರಂಗಕ್ಕೆ ಬಂದದ್ದು ಬಹಳ ತಡವಾಗಿ, 1970ರ ದಶಕದಲ್ಲಿ. ತನ್ನ ಪಾಡು ಮಗಳಿಗೆ ಬೇಡ ಅಂತಲೋ, ಅಥವಾ ಲಕ್ಷ್ಮಿ ತಾನಾಗಿ ಬರಲಿ ಅಂತಲೋ. ಬಂದಳು. ಅಮ್ಮನ ನಂತರ ಅದೇ ಪದಗಳನ್ನು ಕುಣಿದಳು, ಕಲಿಸಿದಳು, 2001ರಲ್ಲಿ ಆಕೆಯೂ ತೀರಿಕೊಂಡಳು. ಆಕೆಯ ಗಂಡ ಡಗ್ಲಸ್ ನೈಟ್ ಅತ್ತೆಯ ಜೀವನಚರಿತ್ರೆ ಬರೆದರು, 2010ರಲ್ಲಿ ಬಂತು. ಮಗ ಅನಿರುದ್ಧ ಕುಣಿಯುತ್ತಾನೆ. ತಾಯಿ-ಮಗಳು ಅಂತ ನಡೆದುಬಂದ ಎಣಿಕೆಯಲ್ಲಿ ಒಂಬತ್ತನೆಯವನು ಗಂಡುಮಗ.

ಇನ್ನು ನಾನು ಹೇಳಬೇಕಾದ್ದು ಹಾಡಿನ ವಿಷಯ.

ಬಾಲಮ್ಮನ ಹೆಸರಿನ ಜೊತೆ ಎಲ್ಲಕ್ಕಿಂತ ಹೆಚ್ಚು ಅಂಟಿಕೊಂಡದ್ದು ತೆಲುಗಿನ ಪದವಲ್ಲ, ತಮಿಳು ವರ್ಣವಲ್ಲ. ಕನ್ನಡದ ‘ಕೃಷ್ಣಾ ನೀ ಬೇಗನೆ ಬಾರೋ’. ವ್ಯಾಸರಾಯರದು, ವಿಜಯನಗರ ಕಾಲದ ಹಾಡು. ನಮ್ಮ ತಲೆಮಾರಿಗೆ ಇದು 1996ರ ಕಲೋನಿಯಲ್ ಕಸಿನ್ಸ್ ಆಲ್ಬಂನಿಂದ ಗೊತ್ತು, ಇಲ್ಲಾಂದ್ರೆ ಶಾಲೆಯ ವಾರ್ಷಿಕೋತ್ಸವದಿಂದ. ನನಗೆ ಅಮ್ಮನಿಂದ ಗೊತ್ತು. ಊಟಕ್ಕೆ ಕೂತಾಗ ತಟ್ಟೆ ಬಿಟ್ಟು ಓಡುತ್ತಿದ್ದ ನನ್ನನ್ನು ಕರೆಯಲು ಅಮ್ಮ ಇದನ್ನೇ ಹಾಡುತ್ತಿದ್ದರು, ಕೃಷ್ಣನ ಜಾಗದಲ್ಲಿ ನನ್ನ ಹೆಸರು ಹಾಕಿ. ಇಷ್ಟು ಮನೆಯ ಹಾಡನ್ನು ದೇಶದೇಶಗಳ ರಂಗಕ್ಕೆ ಒಯ್ದದ್ದು ಮದ್ರಾಸಿನ ಒಬ್ಬ ದೇವದಾಸಿ ಮನೆಯ ಹೆಣ್ಣುಮಗಳು ಅಂತ ನಮಗೆ ಗೊತ್ತೇ ಇರಲಿಲ್ಲ. ಅಷ್ಟೇ ಅಲ್ಲ, ಎಂ. ಎಸ್. ದನಿಯಲ್ಲಿ ಮನೆಮಾತಾದ ಕನ್ನಡ ಹಾಡು ಯಾವುದು? ಪುರಂದರದಾಸರ ‘ಜಗದೋದ್ಧಾರನ’. ಅದೂ ಯಶೋದೆಯದು. ಪೈಜಾಮ ಹಾಕಿ ನಿಂತ ಆ ಇಬ್ಬರು ಹುಡುಗಿಯರಿಗೆ ಒಬ್ಬೊಬ್ಬರಿಗೂ ನಮ್ಮ ದಾಸರದ್ದೇ ಒಂದೊಂದು ಯಶೋದೆಯ ಹಾಡು. ಇದನ್ನು ಯಾರೂ ಯೋಜನೆ ಮಾಡಿ ಮಾಡಿದ್ದಲ್ಲ, ಹಾಗಾಗಿಯೇ ನನಗೆ ಇಷ್ಟ.

ಸತ್ಯಜಿತ್ ರೇ ಹುಡುಗನಾಗಿದ್ದಾಗ ಕಲ್ಕತ್ತಾದಲ್ಲಿ ಬಾಲಸರಸ್ವತಿಯ ನೃತ್ಯ ನೋಡಿದ್ದರು. ಅವರ ಮೇಲೆ ಚಿತ್ರ ಮಾಡಲು ಆದದ್ದು 1976ರಲ್ಲಿ. ‘ಬಾಲಾ’, ಅರ್ಧ ಗಂಟೆಯ ಸಾಕ್ಷ್ಯಚಿತ್ರ. ಬಾಲಮ್ಮನಿಗೆ ಆಗ 58. ಅದರಲ್ಲಿ ಈ ಹಾಡನ್ನು ರೇ ಕಡಲ ದಂಡೆಯಲ್ಲಿ ಚಿತ್ರಿಸಿದ್ದಾರೆ. ಬೇರೆ ಜಾಗ ಸಿಗಲಿಲ್ಲವೇ ಅಂತ ನನಗೂ ಅನ್ನಿಸಿದ್ದುಂಟು. ಗಾಳಿ ಜೋರಾಗಿದೆ, ಸೀರೆ ಪಟಪಟ ಹಾರುತ್ತಿದೆ, ಹಿಂದೆ ಅಲೆ. ಅಭಿ​ನಯ ನೋಡಬೇಕಾದ ಕಣ್ಣು ಸೆರಗಿನ ಕಡೆ ಹೋಗುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಗಾಳಿ ಮರೆತುಹೋಗುತ್ತದೆ. ಭಾರವಾದ ಮೈ, ವಯಸ್ಸಾದ ಮುಖ, ಹೆಜ್ಜೆ ಹೆಚ್ಚು ಕದಲುವುದಿಲ್ಲ. ಕರೆಯುತ್ತಾರೆ, ಮತ್ತೆ ಕರೆಯುತ್ತಾರೆ. ಒಮ್ಮೆ ಮುದ್ದಿನಿಂದ, ಒಮ್ಮೆ ಸಾಕಾಗಿ, ಒಮ್ಮೆ ಬರದೇ ಹೋದರೆ ಅನ್ನುವ ಹೆದರಿಕೆಯಿಂದ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಆ ದೃಶ್ಯವನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಯಾರು, ಏನು ಅಂತ ಮೊದಲೇ ಹೇಳಿರಲಿಲ್ಲ. ಅಮ್ಮನಿಗೆ ಭರತನಾಟ್ಯ ಅಂದರೆ ನನ್ನ ಫೀಸು ಮತ್ತು ಇಸ್ತ್ರಿ ಮಾಡಬೇಕಾದ ಕಾಸ್ಟ್ಯೂಮು, ಅಷ್ಟೇ ಪರಿಚಯ. ಅಡುಗೆಮನೆಯ ಕಟ್ಟೆಗೆ ಒರಗಿ, ಕೈಯಲ್ಲಿ ಸೌಟು ಹಿಡಿದೇ ನೋಡಿದರು. ಬಾಲಮ್ಮ ಒಂದು ಕಡೆ ತಿರುಗಿ ಕೈಚಾಚಿ ಕರೆದಾಗ ಅಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, ಪರದೆಯ ಆ ಅಂಚನ್ನೇ ನೋಡಿದರು.

“ಮಗು ಎಲ್ಲಿದೆ ಇದರಲ್ಲಿ, ಕಾಣ್ತಾನೇ ಇಲ್ಲವಲ್ಲ?” ಅಂದರು.